ಪಿಕಾರ್ಡ್ ಮುರಿದನಾ, ಇಲ್ವಾ? ಸೈ-ಫೈ ಸರಣಿಗಳ ಚಿತ್ರಹಿಂಸೆ ಬಗ್ಗೆ

ಹಳೇಟೀವಿ
‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ನ ‘ಚೈನ್ ಆಫ್ ಕಮಾಂಡ್’ ಎರಡನೇ ಭಾಗವನ್ನು ಮತ್ತೆ ನೋಡಿದೆ. 1992ರ ಡಿಸೆಂಬರ್‌ನದು. ನೋಡದವರಿಗೆ ಚುಟುಕಾಗಿ ಹೇಳುತ್ತೇನೆ, ಕಥೆ ಬಯಲಾಗುತ್ತದೆ, ಬೇಡದವರು ಇಲ್ಲೇ ನಿಲ್ಲಿ. ಅಂತರಿಕ್ಷ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಶತ್ರುಗಳಾದ ಕಾರ್ಡೇಸಿಯನ್ನರ (ಇನ್ನೊಂದು ಗ್ರಹದವರು) ಕೈಗೆ ಸಿಕ್ಕಿಬೀಳುತ್ತಾನೆ. ವಿಚಾರಣೆ ಮಾಡುವವನು ಗುಲ್ ಮಡ್ರೆಡ್. ಕೋಣೆಯಲ್ಲಿ ನಾಲ್ಕು ದೀಪ ಉರಿಯುತ್ತಿರುತ್ತವೆ. ಐದು ಎಂದು ಹೇಳಬೇಕು ಅನ್ನುವುದು ಮಡ್ರೆಡ್‌ನ ಹಟ. ನಾಲ್ಕು ಎಂದಾಗಲೆಲ್ಲ ಪಿಕಾರ್ಡ್‌ನ ಮೈಯೊಳಗೆ ಕೂರಿಸಿದ ಸಾಧನದಿಂದ ನೋವು ಕೊಡುತ್ತಾನೆ. ಬಿಡುಗಡೆಯ ಹೊತ್ತಿಗೆ ಪಿಕಾರ್ಡ್ ತಿರುಗಿ ನಿಂತು ನಾಲ್ಕೇ ದೀಪ ಎಂದು ಕೂಗುತ್ತಾನೆ.

ಎಲ್ಲರಿಗೂ ಆ ಕೂಗು ನೆನಪಿದೆ, ಮೀಮ್ ಕೂಡ ಆಗಿದೆ. ಅದಾದ ಮೇಲಿನ ದೃಶ್ಯ ಯಾರಿಗೂ ನೆನಪಿಲ್ಲ. ಹಡಗಿಗೆ ಮರಳಿದ ಮೇಲೆ ಅವನು ಹಡಗಿನ ಆಪ್ತಸಲಹೆಗಾರ್ತಿ ಟ್ರಾಯ್ ಹತ್ತಿರ ಒಪ್ಪಿಕೊಳ್ಳುತ್ತಾನೆ. ಏನು ಬೇಕಾದರೂ ಹೇಳಲು ತಯಾರಿದ್ದನಂತೆ. ಅಷ್ಟೇ ಅಲ್ಲ, ಐದು ದೀಪ ಕಾಣುತ್ತಿವೆ ಎಂದೇ ನಂಬಿಬಿಟ್ಟಿದ್ದನಂತೆ. ಅಂದರೆ ಅವನು ಮುರಿದಿದ್ದ. ಬಾಗಿಲು ಸರಿಯಾದ ಹೊತ್ತಿಗೆ ತೆರೆಯಿತು, ಅಷ್ಟೇ. ಹೀರೋ ಮುರಿಯದ ಚಿತ್ರಹಿಂಸೆ ಕಥೆಗಳೆಲ್ಲ ಸುಳ್ಳು ಅನ್ನುವುದು ನನ್ನ ಅಭಿಪ್ರಾಯ. ಬನ್ನಿ, ಜಗಳ ಆಡೋಣ.

ಉಲ್ಕೆ
ಎಲ್ಲವೂ ಸುಳ್ಳು ಅಂದದ್ದು ಜಾಸ್ತಿ ಆಯ್ತು. ‘ಬ್ಯಾಬಿಲಾನ್ 5’ರ ‘ಇಂಟರ್‌ಸೆಕ್ಷನ್ಸ್ ಇನ್ ರಿಯಲ್ ಟೈಮ್’ ನೋಡಿದ್ದೀರಾ? 1997ರದು. ಸೆರೆ ಸಿಕ್ಕ ನಾಯಕ ಶೆರಿಡನ್ ಒಂದು ತಪ್ಪೊಪ್ಪಿಗೆಗೆ ಸಹಿ ಹಾಕಬೇಕು, ಅಷ್ಟೇ ಕೆಲಸ. ವಿಚಾರಣೆ ಮಾಡುವವನು ರಾಕ್ಷಸನೇನೂ ಅಲ್ಲ, ಕಚೇರಿ ಕೆಲಸಕ್ಕೆ ಬಂದ ಗುಮಾಸ್ತನ ಹಾಗಿದ್ದಾನೆ. ಫೈಲ್ ಇಡುತ್ತಾನೆ, ಸ್ಯಾಂಡ್‌ವಿಚ್ ಹಂಚಿಕೊಳ್ಳುತ್ತಾನೆ, ಅದರಲ್ಲಿ ವಿಷ. ಹೊತ್ತು ಯಾವುದು ಅನ್ನುವುದನ್ನೂ ಅವನೇ ತೀರ್ಮಾನಿಸುತ್ತಾನೆ.

ಶೆರಿಡನ್ ಸಹಿ ಹಾಕುವುದಿಲ್ಲ. ಗೆಲ್ಲಲು ಆಗುತ್ತದೆಯೇ ಅಂದರೆ, ಇಲ್ಲ ಎಂದು ಹೇಳಿದಾಗಲೆಲ್ಲ ಗೆದ್ದ ಹಾಗೆ ಅನ್ನುವ ಅರ್ಥದ ಉತ್ತರ ಕೊಡುತ್ತಾನೆ. ಆಮೇಲೆ ಅವನನ್ನು ಕೊಲ್ಲಲು ಕರೆದೊಯ್ಯುತ್ತಾರೆ ಅಂದುಕೊಳ್ಳುತ್ತೇವೆ. ನೋಡಿದರೆ ಇನ್ನೊಂದು ಕೋಣೆ, ಇನ್ನೊಬ್ಬ ಅಧಿಕಾರಿ, ಎಲ್ಲ ಮೊದಲಿನಿಂದ ಶುರು. ಹೀರೋ ಮುರಿಯಲಿಲ್ಲ, ಆದರೂ ನನಗೆ ಪಿಕಾರ್ಡ್ ಕಥೆಗಿಂತ ಇದೇ ಜಾಸ್ತಿ ಭಯ ಹುಟ್ಟಿಸಿತು. ಮಡ್ರೆಡ್‌ಗೆ ಪಿಕಾರ್ಡ್ ಮೇಲೆ ಏನೋ ಹಗೆ ಇತ್ತು. ಇವರಿಗೆ ಶೆರಿಡನ್ ಮೇಲೆ ಸಿಟ್ಟೂ ಇಲ್ಲ.

ನಿದ್ದೆಗೇಡಿ
ನೀವಿಬ್ಬರೂ ಮನೋಬಲ ಅನ್ನುವ ಗಟ್ಟಿ ವಸ್ತುವೊಂದು ಎದೆಯೊಳಗೆ ಇದೆ, ಅದು ಒಡೆಯುತ್ತದೋ ಇಲ್ಲವೋ ಎಂದು ಮಾತಾಡುತ್ತಿದ್ದೀರಿ. ಹಾಗೇನೂ ಇಲ್ಲ ಮಾರಾಯ್ರೇ. ದಿನಗಟ್ಟಲೆ ನಿದ್ದೆ ಕೊಡದಿದ್ದರೆ ಎಂಥವನಿಗೂ ಇಲ್ಲದ್ದು ಕಾಣಿಸುತ್ತದೆ. ಧೈರ್ಯ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಕೊರಿಯಾ ಯುದ್ಧದಲ್ಲಿ ಸೆರೆ ಸಿಕ್ಕ ಅಮೆರಿಕದ ವಾಯುಪಡೆಯವರು ಸುಳ್ಳು ತಪ್ಪೊಪ್ಪಿಗೆ ಕೊಟ್ಟಾಗ ಬ್ರೈನ್‌ವಾಶ್ ಎಂದು ದೊಡ್ಡ ಗುಲ್ಲಾಯಿತು. ಆಲ್ಬರ್ಟ್ ಬಿಡರ್‌ಮನ್ ಅನ್ನುವ ಸಮಾಜಶಾಸ್ತ್ರಜ್ಞ ಆ ಸೆರೆಯಾಳುಗಳ ಅನುಭವಗಳನ್ನು ಪರಿಶೀಲಿಸಿ 1957ರಲ್ಲಿ ಬರೆದರು. ಮಾಯಮಂತ್ರ ಏನೂ ಸಿಗಲಿಲ್ಲ. ಒಂಟಿಯಾಗಿ ಇಡುವುದು, ದಣಿಸುವುದು, ಬೆದರಿಸುವುದು, ಆಗಾಗ ಒಂದು ಸಣ್ಣ ಉಪಕಾರ. ಜೊತೆಗೆ ಅರ್ಥವಿಲ್ಲದ ಚಿಲ್ಲರೆ ಆಜ್ಞೆಗಳನ್ನು ಪಾಲಿಸುವಂತೆ ಮಾಡುವುದು. ಐದು ದೀಪ ಅನ್ನು ಎಂದರೆ ಇದೇ ಅಲ್ವಾ? ದೀಪ ಎಷ್ಟಾದರೆ ಮಡ್ರೆಡ್‌ಗೆ ಏನು? ಅವನು ಹೇಳಿದ್ದಕ್ಕೆ ಹೂಂ ಅನ್ನಬೇಕು, ಅದೇ ಅಭ್ಯಾಸ ಆಗಬೇಕು.

1963ರ ಸಿಐಎ ಕೈಪಿಡಿ ‘ಕುಬಾರ್ಕ್’ ಕೂಡ ನೋವಿಗಿಂತ ನೋವಿನ ಬೆದರಿಕೆಯೇ ಹೆಚ್ಚು ಕೆಲಸ ಮಾಡುತ್ತದೆ ಅನ್ನುತ್ತದೆ. ಹಾಗಾಗಿ ಮಡ್ರೆಡ್‌ನ ನೋವಿನ ಯಂತ್ರ ಕಥೆಗಾರರ ಶೋಕಿ. ಅದಿಲ್ಲದೆಯೂ ಅದೇ ಫಲ ಬರುತ್ತಿತ್ತು.

ಹಳೇಟೀವಿ
ಶೋಕಿ ಅಂತ ಒಪ್ಪುವುದಿಲ್ಲ. ಪ್ಯಾಟ್ರಿಕ್ ಸ್ಟೀವರ್ಟ್ ಈ ಪಾತ್ರಕ್ಕಾಗಿ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಕೊಟ್ಟ ವಿಡಿಯೋಗಳನ್ನು ನೋಡಿ ತಯಾರಾಗಿದ್ದರು. ಸುಮ್ನೆ ಮಾಡಿದ ಎಪಿಸೋಡ್ ಅಲ್ಲ ಅದು.

ಬೆಳ್ಳಿಚುಕ್ಕಿ
ನಿದ್ದೆಗೇಡಿ ಅವರೇ, ಒಂದು ಮಾತು. ಧೈರ್ಯ ಲೆಕ್ಕಕ್ಕಿಲ್ಲ ಅಂದಿರಿ. ಆದರೆ ಹಿಡಿತ ಲೆಕ್ಕಕ್ಕಿದೆ. ಮನಶ್ಶಾಸ್ತ್ರಜ್ಞರಾದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೈಯರ್ 1967ರ ಸುಮಾರಿಗೆ ನಾಯಿಗಳಿಗೆ ತಪ್ಪಿಸಿಕೊಳ್ಳಲಾಗದ ವಿದ್ಯುತ್ ಶಾಕ್ ಕೊಟ್ಟು ನೋಡಿದರು. ಆಮೇಲೆ ತಪ್ಪಿಸಿಕೊಳ್ಳಲು ದಾರಿ ಇದ್ದಾಗಲೂ ಹೆಚ್ಚಿನ ನಾಯಿಗಳು ಸುಮ್ಮನೆ ಮಲಗಿದವು. ಅಸಹಾಯಕತೆಯನ್ನು ಕಲಿತವು ಎಂದು ಅವರು ಆಗ ಹೇಳಿದರು. ಸಿಐಎಗೆ ವಿಚಾರಣೆಯ ವಿಧಾನ ರೂಪಿಸಿಕೊಟ್ಟ ಇಬ್ಬರು ಮನಶ್ಶಾಸ್ತ್ರಜ್ಞರು ಇದೇ ಸಿದ್ಧಾಂತವನ್ನು ಬಳಸಿಕೊಂಡರು. 2014ರ ಅಮೆರಿಕ ಸೆನೆಟ್ ವರದಿಯಲ್ಲಿ ಆ ಕಥೆಯೆಲ್ಲ ಇದೆ.

ಆದರೆ 2016ರಲ್ಲಿ ಅದೇ ಮೈಯರ್ ಮತ್ತು ಸೆಲಿಗ್‌ಮನ್ ತಮ್ಮ ಮಾತನ್ನು ತಿರುವಿ ಹಾಕಿದರು. ಕೆಟ್ಟದ್ದು ಮುಗಿಯದೇ ನಡೆಯುತ್ತಿದ್ದರೆ ಸುಮ್ಮನಾಗುವುದು ಮಿದುಳಿನ ಸಹಜ ಗುಣ, ಅದನ್ನು ಕಲಿಯಬೇಕಾಗಿಲ್ಲ. ನನ್ನ ಕೈಯಲ್ಲಿ ಏನೋ ಇದೆ ಅನ್ನುವುದೇ ಕಲಿಯಬೇಕಾದದ್ದು ಅಂದರು.

ಈಗ ಶೆರಿಡನ್‌ನನ್ನು ನೋಡಿ. ಊಟ, ಹೊತ್ತು, ಬೆಳಕು ಯಾವುದೂ ಅವನ ಕೈಯಲ್ಲಿಲ್ಲ. ಇಲ್ಲ ಅನ್ನುವುದೊಂದು ಮಾತ್ರ ಇದೆ. ಪಿಕಾರ್ಡ್‌ಗೂ ಅಷ್ಟೇ. ನಡುವೆ ಮಡ್ರೆಡ್, ನೀನು ಹೋಗು, ನಿನ್ನ ಬದಲು ನಿನ್ನ ಹಡಗಿನ ಡಾಕ್ಟರ್ ಕ್ರಷರ್‌ಳನ್ನು ಕೂರಿಸುತ್ತೇನೆ ಅನ್ನುತ್ತಾನೆ. ಪಿಕಾರ್ಡ್ ಉಳಿಯುತ್ತಾನೆ. ನನಗೆ ಅದು ಬಹಳ ಜಾಣ ದೃಶ್ಯ ಅನ್ನಿಸಿತು. ಆಯ್ಕೆ ಕೊಟ್ಟ ಹಾಗೆ ಮಾಡಿ, ಹಿಂಸೆಯನ್ನು ಕೈದಿಯೇ ಆರಿಸಿಕೊಂಡ ಅನ್ನಿಸುತ್ತಾನೆ ಮಡ್ರೆಡ್. ಇದ್ದ ಒಂದೇ ಹಿಡಿತಕ್ಕೂ ಕೈ ಹಾಕುತ್ತಾನೆ.

ನಿದ್ದೆಗೇಡಿ
ಒಳ್ಳೆ ಪಾಯಿಂಟ್. ಆದರೆ ಕೈದಿಗೆ ಇಲ್ಲ ಅನ್ನಲೂ ಎದುರಿಗೆ ಯಾರಾದರೂ ಬೇಕಲ್ಲ. ‘ಬ್ಲ್ಯಾಕ್ ಮಿರರ್’ನ ‘ವೈಟ್ ಕ್ರಿಸ್‌ಮಸ್’ (2014) ನೆನಪಿಸಿಕೊಳ್ಳಿ. ಒಬ್ಬಳ ಮನಸ್ಸಿನ ಡಿಜಿಟಲ್ ನಕಲನ್ನು ಬಿಳಿ ಕೋಣೆಯಲ್ಲಿ ಇಡುತ್ತಾರೆ. ಹೊರಗೆ ಕೆಲವು ಕ್ಷಣ, ಒಳಗೆ ಆರು ತಿಂಗಳು. ನೋವಿಲ್ಲ, ಪ್ರಶ್ನೆಯಿಲ್ಲ, ಮಾಡಲು ಏನೂ ಇಲ್ಲ. ಕೊನೆಗೆ ಅವಳೇ ಕೆಲಸ ಕೊಡಿ ಎಂದು ಬೇಡುತ್ತಾಳೆ. ಪಿಕಾರ್ಡ್‌ನನ್ನು ಅಲ್ಲಿ ಕೂರಿಸಿದ್ದರೆ ನಾಲ್ಕು ದೀಪ ಎಂದು ಯಾರಿಗೆ ಕೂಗುತ್ತಿದ್ದ? 2015ರ ವಿಶ್ವಸಂಸ್ಥೆಯ ಮಂಡೇಲಾ ನಿಯಮಗಳ ಪ್ರಕಾರ ಸತತ 15 ದಿನಕ್ಕಿಂತ ಹೆಚ್ಚು ಏಕಾಂತ ಸೆರೆ ಕೂಡದು. ಕಾರಣ ಇಲ್ಲದೆ ಮಾಡಿದ್ದಲ್ಲ ಅದು.

ಪ್ರಶ್ನಾರ್ಥಕ
ತಡವಾಗಿ ಬಂದೆ. ನನ್ನ ತಕರಾರು ಬೇರೆ. ಯಾರು ಮುರಿದರು ಅನ್ನುವುದಕ್ಕಿಂತ ಮುಂದಿನ ವಾರ ಏನಾಯಿತು ಅನ್ನುವುದು ಮುಖ್ಯ. ಮುಂದಿನ ಎಪಿಸೋಡ್‌ನಲ್ಲಿ ಪಿಕಾರ್ಡ್ ಏನೂ ಆಗದವನ ಹಾಗೆ ಕುರ್ಚಿಯಲ್ಲಿ ಕೂತಿದ್ದ! ಇನ್ನೊಂದು ಸ್ಟಾರ್ ಟ್ರೆಕ್ ಸರಣಿ ‘ಡೀಪ್ ಸ್ಪೇಸ್ ನೈನ್’ನ ‘ಹಾರ್ಡ್ ಟೈಮ್’ (1996) ಇದಕ್ಕಿಂತ ಎಷ್ಟೋ ವಾಸಿ. ಎಂಜಿನಿಯರ್ ಓಬ್ರಿಯನ್‌ನ ತಲೆಗೆ ಕೆಲವೇ ಗಂಟೆಗಳಲ್ಲಿ 20 ವರ್ಷದ ಸೆರೆವಾಸದ ನೆನಪು ತುಂಬುತ್ತಾರೆ. ಇಡೀ ಕಥೆ ಬಿಡುಗಡೆ ಆದ ಮೇಲಿನದೇ. ಹೆಂಡತಿ ಮಗಳ ಜೊತೆ ಇರಲಾಗುವುದಿಲ್ಲ, ಸಾಯಲು ಹೊರಡುತ್ತಾನೆ. ಆದರೆ ಅದನ್ನೂ ಮುಂದೆ ಸರಣಿ ಹೆಚ್ಚುಕಡಿಮೆ ಮರೆತೇಬಿಟ್ಟಿತು.

‘ಸ್ಟಾರ್ ವಾರ್ಸ್’ ಲೋಕದ ಸರಣಿ ‘ಆಂಡೋರ್’ ಮಾತ್ರ ಮರೆಯಲಿಲ್ಲ. 2022ರಲ್ಲಿ ಸೆರೆ ಸಿಕ್ಕ ಬಿಕ್ಸ್‌ಳ ಕಿವಿಗೆ ಹೆಡ್‌ಫೋನ್ ಹಾಕಿ, ಸಾಯುತ್ತಿರುವ ಒಂದು ಜನಾಂಗದ ಕೂಗು ಕೇಳಿಸುತ್ತಾರೆ. ನಮಗೆ ಆ ಸದ್ದು ಕೇಳಿಸುವುದೇ ಇಲ್ಲ. 2025ರ ಎರಡನೇ ಸೀಸನ್‌ನಲ್ಲೂ ಅವಳಿಗೆ ನಿದ್ದೆಯಲ್ಲಿ ಅದೇ ಕಾಡುತ್ತದೆ.

ಉಲ್ಕೆ
ಆದರೆ ಅದೇ ಸೀಸನ್‌ನಲ್ಲಿ ಅವಳು ತನಗೆ ಹಿಂಸೆ ಕೊಟ್ಟ ಡಾಕ್ಟರ್‌ನನ್ನು ಅವನದೇ ಯಂತ್ರಕ್ಕೆ ಕಟ್ಟಿ ಸೇಡು ತೀರಿಸಿಕೊಳ್ಳುತ್ತಾಳೆ. ಹಾಗೆ ಸೇಡು ತೀರಿದರೆ ಗಾಯ ಮಾಯುತ್ತದೆ ಅನ್ನುವುದೂ ಸುಳ್ಳೇ ಅಲ್ವಾ?

ಪ್ರಶ್ನಾರ್ಥಕ
ಅಷ್ಟರ ಮಟ್ಟಿಗೆ ಹೌದು. ಆದರೂ ಹೀರೋಗಳೇ ಹಿಂಸೆ ಕೊಟ್ಟು ನಿಜ ಹೊರಡಿಸುವ ಸರಣಿಗಳಿಗಿಂತ ಇದು ಮೇಲು. ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ದ ಮೊದಲ ಸೀಸನ್‌ನಲ್ಲಿ ‘ಫ್ಲೆಶ್ ಅಂಡ್ ಬೋನ್’ ಅಂತ ಒಂದಿದೆ. ಸ್ಟಾರ್‌ಬಕ್ ಕೈದಿಯ ತಲೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಅಣುಬಾಂಬ್ ಎಲ್ಲಿದೆ ಎಂದು ಕೇಳುತ್ತಾಳೆ. ಬಾಂಬ್ ಇರಲೇ ಇಲ್ಲ.

ಹಳೇಟೀವಿ
ಮಡ್ರೆಡ್‌ಗೂ ಅದೇ ಗತಿ. ಮೀನೋಸ್ ಕೋರ್ವಾ ಅನ್ನುವ ಗ್ರಹದ ರಕ್ಷಣಾ ಯೋಜನೆ ಏನು ಎಂದು ಕೇಳುತ್ತಾನೆ, ಪಿಕಾರ್ಡ್‌ಗೆ ಗೊತ್ತೇ ಇಲ್ಲ. ಗೊತ್ತಿಲ್ಲ ಎಂದ ಮೇಲೂ ಬಿಡುವುದಿಲ್ಲ. ಅವನು ಮುರಿದಿದ್ದ ಅನ್ನುವ ಮಾತನ್ನು ನಾನಂತೂ ಬಿಡುವುದಿಲ್ಲ. ಬೆಳ್ಳಿಚುಕ್ಕಿ ಅವರೇ, ಆ ಕೊನೆಯ ಕೂಗು ಹಿಡಿತವಾ, ಬಾಗಿಲು ತೆರೆದ ಧೈರ್ಯವಾ?

ಬೆಳ್ಳಿಚುಕ್ಕಿ
ಬಾಗಿಲು ತೆರೆದ ಧೈರ್ಯವೇ ಇರಬಹುದು. ಆದರೆ ಕೂಗದೆಯೂ ಹೊರಗೆ ಹೋಗಬಹುದಿತ್ತು. ತಿರುಗಿ ನಿಂತನಲ್ಲ, ಯಾಕೆ?