ಅಮ್ಮನ ಕೀಲುನೋವಿಗೆ ಜೇನು ಕಚ್ಚಿಸಬಹುದಾ? ಮಾಡಿಸಿದವರು ಅನುಭವ ಹೇಳಿ

ಹುಬ್ಬಳ್ಳಿ ಮಗಳು: ಅಮ್ಮನಿಗೆ 61 ವರ್ಷ, ರುಮಟಾಯ್ಡ್ ಕೀಲುವಾತ. ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್, ಬಿಪಿಗೆ ಅಟೆನೊಲಾಲ್ ತಗೊಳ್ತಾರೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ. ಮಲೆನಾಡಿನ ಕಡೆ ಜೀವಂತ ಜೇನಿನಿಂದ ಕಚ್ಚಿಸುವವರೊಬ್ಬರು ಇದ್ದಾರಂತೆ, ಸಂಬಂಧಿಕರು ನಂಬರ್ ಕೊಟ್ಟಿದ್ದಾರೆ. ಕರೆದುಕೊಂಡು ಹೋಗಲಾ? ದಯವಿಟ್ಟು ತಿಳಿದವರು ಹೇಳಿ.

ತುಡುವೆ ಪೆಟ್ಟಿಗೆ: ತಂಗೀ, ನನ್ನ ಮೊಣಕಾಲಿಗೆ ನಾನೇ ಕಚ್ಚಿಸಿಕೊಳ್ಳುತ್ತೇನೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ತುಡುವೆ, ಅಂದರೆ ನಮ್ಮ ನಾಡಿನ ಜೇನಿನ ಪೆಟ್ಟಿಗೆ ಇದೆ. ಚಿಮಟದಲ್ಲಿ ಒಂದು ಹುಳ ಹಿಡಿದು ಚಿಪ್ಪಿನ ಪಕ್ಕ ಇಡುತ್ತೇನೆ, ಅದು ಮುಳ್ಳು ಬಿಟ್ಟು ಹೋಗುತ್ತದೆ. ಹುಳ ಹೋದ ಮೇಲೂ ಮುಳ್ಳಿನ ಬುಡದ ಚೀಲ ಮಿಡಿಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣುತ್ತದೆ. ಮೊದಮೊದಲು ತಕ್ಷಣ ಉಗುರಿನಲ್ಲಿ ಕೆರೆದು ತೆಗೆಯುತ್ತಿದ್ದೆ, ಈಗ ಸ್ವಲ್ಪ ಹೊತ್ತು ಬಿಡುತ್ತೇನೆ. ಎರಡು ದಿನ ಊತ, ಬಿಸಿ. ಆಮೇಲೆ ತೋಟದ ಏರು ಹತ್ತುತ್ತೇನೆ. ಡಾಕ್ಟರು ಮಂಡಿ ಬದಲಿಸಬೇಕು ಅಂದು ಎಸ್ಟಿಮೇಟ್ ಬರೆದುಕೊಟ್ಟಿದ್ದರು, ಎರಡೂ ಕಾಲಿಗೆ ನಾಲ್ಕೂವರೆ ಲಕ್ಷ. ಆ ಚೀಟಿ ಇನ್ನೂ ಕಪಾಟಿನಲ್ಲಿದೆ.

ದಾವಣಗೆರೆ ಅಕ್ಕ: ಅಣ್ಣಾ ನಿಮಗೆ ಒಳ್ಳೆಯದಾಗಿದೆ, ಸಂತೋಷ. ನಮ್ಮ ಮನೆಯವರ ಕಥೆ ಕೇಳಿ. ಸೊಂಟನೋವಿಗೆ ಹೋಗಿದ್ದು. ಒಂದು ಹುಳಕ್ಕೆ 60 ರೂಪಾಯಿ, ಕೂತರೆ ಹತ್ತು ಹುಳ, ರಿಜಿಸ್ಟ್ರೇಶನ್ 500 ಬೇರೆ, ಜೊತೆಗೆ ಒಂದು ಬಾಟಲಿ ಜೇನುತುಪ್ಪ ಕೊಳ್ಳಲೇಬೇಕು 900. ಕಾರಿನ ಬಾಡಿಗೆ ಕೇಳಬೇಡಿ. ಶುರುವಿನಲ್ಲಿ ಏನೂ ಆಗಲಿಲ್ಲ, ನೋವೂ ಕಮ್ಮಿ ಅಂದರು. ನಡುವೆ ಮಗಳ ಮದುವೆ ಅಂತ ಬಿಟ್ಟೆವು. ಮತ್ತೆ ಹೋದಾಗ ಎರಡನೇ ಹುಳಕ್ಕೇ ಮೈಯೆಲ್ಲ ಗಂಧೆ ಎದ್ದವು, ತುಟಿ ಬಾತು ಮಾತು ತೊದಲಿತು, ಕಾರಿನ ಹಿಂದಿನ ಸೀಟಿನಲ್ಲಿ ವಾಂತಿ. ಕಚ್ಚಿಸಿದ ಆಸಾಮಿ ಕೊಟ್ಟಿದ್ದು ಅಲರ್ಜಿಯ ಒಂದು ಸೆಟ್ರಿಜಿನ್ ಮಾತ್ರೆ! ಐಸಿಯು, ವೆಂಟಿಲೇಟರ್ ಎಲ್ಲ ಸೇರಿ 1,38,000. ಇನ್ಶೂರೆನ್ಸಿನವರು ಇದು ಮಾನ್ಯತೆ ಇರುವ ಚಿಕಿತ್ಸೆಯಿಂದ ಆಗಿದ್ದಲ್ಲ ಅಂತ ಕ್ಲೇಮ್ ವಾಪಸ್ ಕಳಿಸಿದರು. ಮಗಳ ಮದುವೆ ಸಾಲದ ಮೇಲೆ ಈ ಸಾಲ. ಸೊಂಟನೋವು ಹಾಗೇ ಇದೆ.

ತುಡುವೆ ಪೆಟ್ಟಿಗೆ: ಅಕ್ಕಾ, ಅವನು ಮೆಲ್ಲಿಫೆರಾ ಅನ್ನುವ ಹೊರದೇಶದ ಜೇನುಹುಳ ಇಟ್ಟಿರುತ್ತಾನೆ. ತುಡುವೆ ಆಗಿದ್ದರೆ ಹೀಗಾಗುತ್ತಿರಲಿಲ್ಲ. ಅದೂ ಮೊದಲ ದಿನವೇ ಹತ್ತು ಹುಳ ಯಾರಾದರೂ ಇಡುತ್ತಾರಾ?

ಮಂಗಳೂರು ಎಮರ್ಜೆನ್ಸಿ ನರ್ಸ್: ಸರ್, ಜನರ ಜೀವದ ಜೊತೆ ಆಡಬೇಡಿ. ಜೇನಿನ ವಿಷದಲ್ಲಿ ಅರ್ಧದಷ್ಟು ಮೆಲಿಟಿನ್ ಅನ್ನುವ ಅಂಶ, ಅದು ತುಡುವೆಯಲ್ಲೂ ಮೆಲ್ಲಿಫೆರಾದಲ್ಲೂ ಒಂದೇ. ಒಂದಕ್ಕೆ ಅಲರ್ಜಿ ಇದ್ದವರಿಗೆ ಇನ್ನೊಂದಕ್ಕೂ ಆಗಬಹುದು. ಅಲರ್ಜಿ ಇದ್ದವರಿಗೆ ಹುಳದ ಲೆಕ್ಕವಿಲ್ಲ, ಒಂದೇ ಸಾಕು. ಮೊದಲು ಏನೂ ಆಗಿಲ್ಲ ಅನ್ನುವುದೂ ಗ್ಯಾರಂಟಿ ಅಲ್ಲ. ಸ್ಪೇನಿನಲ್ಲಿ 55 ವರ್ಷದ ಹೆಂಗಸು ಎರಡು ವರ್ಷ, ನಾಲ್ಕು ವಾರಕ್ಕೊಮ್ಮೆ ಕಚ್ಚಿಸಿಕೊಂಡಿದ್ದರು, ಏನೂ ಆಗಿರಲಿಲ್ಲ. ಆಮೇಲೆ ಒಂದು ದಿನ ಉಬ್ಬಸ ಬಂದು ಪ್ರಜ್ಞೆ ತಪ್ಪಿತು, ಕೆಲವು ವಾರಕ್ಕೆ ತೀರಿಹೋದರು. 2018ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.
ಗಂಟಲು ಕಟ್ಟಿ, ಬಿಪಿ ಇಳಿಯುವಾಗ ಸೆಟ್ರಿಜಿನ್ ಏನೂ ಮಾಡುವುದಿಲ್ಲ. ಅಡ್ರಿನಲಿನ್ ಇಂಜೆಕ್ಷನ್, ತೊಡೆಯ ಹೊರಬದಿಗೆ, ತಡಮಾಡದೆ. ದೊಡ್ಡವರಿಗೆ ಅರ್ಧ ಎಂಎಲ್. ಒಂದು ಆಂಪೂಲಿಗೆ ಬಿಸ್ಕತ್ ಪ್ಯಾಕಿನಷ್ಟು ದುಡ್ಡು, ಅದನ್ನೂ ಇಟ್ಟುಕೊಳ್ಳದೆ ಅಂಗಡಿ ತೆರೆಯುತ್ತಾರೆ! ಸುಧಾರಿಸಿದರು ಅಂತ ಮನೆಗೆ ಕರೆದೊಯ್ಯಬೇಡಿ, ಕೆಲವರಿಗೆ ಗಂಟೆಗಳ ನಂತರ ಮತ್ತೆ ಬರುತ್ತದೆ.
ಹುಬ್ಬಳ್ಳಿ ಮಗಳೇ, ಅಟೆನೊಲಾಲ್ ಬೀಟಾ ಬ್ಲಾಕರ್. ಅದು ಮೈಯಲ್ಲಿದ್ದರೆ ಅಡ್ರಿನಲಿನ್ ಕೂಡ ಸರಿಯಾಗಿ ಹಿಡಿಯದೇ ಹೋಗಬಹುದು. ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಈ ಚಿಕಿತ್ಸೆಗೆ ಅಂತ ನೀವಾಗಿ ಆ ಮಾತ್ರೆ ನಿಲ್ಲಿಸಲೂಬೇಡಿ.

ಮಾತ್ರೆ ಬಿಟ್ಟವನು: ಎಮರ್ಜೆನ್ಸಿಯಲ್ಲಿ ಇರುವವರಿಗೆ ಕೆಟ್ಟಿದ್ದೇ ಕಾಣೋದು, ಗುಣವಾದವರು ನಿಮ್ಮ ಹತ್ತಿರ ಯಾಕೆ ಬರ್ತಾರೆ? ನೋವಿನ ಮಾತ್ರೆ ನುಂಗಿ ನುಂಗಿ ಕಿಡ್ನಿ ಕೆಟ್ಟು ನನ್ನ ಕ್ರಿಯಾಟಿನಿನ್ 2.1ಕ್ಕೆ ಹೋಗಿತ್ತು. ಅದಕ್ಕೆ ಯಾವ ಕಂಪನಿ ಕ್ಷಮೆ ಕೇಳಿತು? ಹಾಲೆಂಡಿನಲ್ಲಿ ಪ್ರಯೋಗ ಮಾಡಿದ್ದಾರೆ, ಒಂದು ಸಲಕ್ಕೆ 20 ಜೇನಿನವರೆಗೆ ಕಚ್ಚಿಸಿದರೂ ಯಾರಿಗೂ ದೊಡ್ಡ ತೊಂದರೆ ಆಗಲಿಲ್ಲ. ಓದಿ.

ಮಂಗಳೂರು ಎಮರ್ಜೆನ್ಸಿ ನರ್ಸ್: ಓದಿದ್ದೇನೆ. 2005, ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಅನ್ನುವ ನರರೋಗ ಇರುವ 26 ಜನ, ಆಸ್ಪತ್ರೆಯವರ ಕಣ್ಗಾವಲಿನಲ್ಲಿ. ಉಳಿದ ಅರ್ಧ ನೀವೇ ಹೇಳಲಿಲ್ಲ: ಆಯಾಸ, ಅಂಗವೈಕಲ್ಯ, ಎಂಆರ್‌ಐ, ಯಾವುದರಲ್ಲೂ ಲಾಭ ಕಾಣಲಿಲ್ಲ.

ಮೆಥೋಟ್ರೆಕ್ಸೇಟ್ ಸಂಸಾರ: ನನಗೂ ರುಮಟಾಯ್ಡ್. ಮಾತ್ರೆ ತಗೊಂಡ ಮರುದಿನ ವಾಕರಿಕೆ, ಕೂದಲು ಉದುರಿತು, ಎರಡು ತಿಂಗಳಿಗೊಮ್ಮೆ ಲಿವರ್ ಟೆಸ್ಟಿಗೆ 850. ಆರು ವಾರ ಏನೂ ಕಾಣದೆ ಅತ್ತಿದ್ದೆ. ಆಮೇಲೆ ನಿಧಾನವಾಗಿ ಊತ ಇಳಿಯಿತು. ಈಗ ಚಪಾತಿ ಹಿಟ್ಟು ನಾನೇ ನಾದುತ್ತೇನೆ. ಬೆರಳು ಸೊಟ್ಟಗಾದ ಮೇಲೆ ಯಾವ ಹುಳವೂ ನೆಟ್ಟಗೆ ಮಾಡುವುದಿಲ್ಲ. ಸುಮ್ನೆ ತಿಂಗಳು ಕಳೆಯಬೇಡಿ, ಡೋಸ್ ಸಾಲುತ್ತಿಲ್ಲ ಅಂತ ಡಾಕ್ಟರಿಗೆ ಹೇಳಿ.

ಹುಬ್ಬಳ್ಳಿ ಮಗಳು: ಅಲರ್ಜಿ ಟೆಸ್ಟ್ ಮಾಡಿಸಿಕೊಂಡು ಹೋದರೆ?

ಕೋಲಾರದ ಮೆಲ್ಲಿಫೆರಾ: ತುಡುವೆ ಅಣ್ಣ ಮಾತು ಮಾತಿಗೆ ನಮ್ಮ ಹುಳದ ಮೇಲೆ ಯಾಕೆ ಹಾಕ್ತಾರೆ? ಸೂರ್ಯಕಾಂತಿ ಹೊಲಕ್ಕೆ ಪೆಟ್ಟಿಗೆ ಸಾಗಿಸಿ ಹೊಟ್ಟೆ ಹೊರೆಯುತ್ತೇವೆ. ನನಗೆ ದಿನಾ ಕಚ್ಚುತ್ತವೆ, ಆದರೂ ಬೆನ್ನುನೋವು ಬಿಟ್ಟಿಲ್ಲ. ಕಚ್ಚಿದ ಪ್ರತಿ ಹುಳ ಸಾಯುತ್ತದೆ, ಅದನ್ನು 60 ರೂಪಾಯಿಗೆ ಮಾರುವುದು ನನಗೆ ಸರಿ ಕಾಣುವುದಿಲ್ಲ.

ತುಡುವೆ ಪೆಟ್ಟಿಗೆ: ನಾನು ಯಾರಿಗೂ ಮಾರಿಲ್ಲ! ನಿಮ್ಮ ಹುಳ ಬಂದ ಮೇಲೆ ನಮ್ಮ ಜೇನು ಕುಟುಂಬಗಳು ಹಾಳಾದವು. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನುವ ಜೇನುಮರಿ ರೋಗ ಬಂತಲ್ಲ, ಎರಿಯ ಕಣ್ಣಿನೊಳಗೆ ಮರಿಗಳು ನೀರುಚೀಲವಾಗಿ ಸತ್ತಿದ್ದವು. ಅಪ್ಪ ಖಾಲಿ ಪೆಟ್ಟಿಗೆಗಳನ್ನು ಒಲೆಗೆ ಹಾಕಿದರು.

ಕೋಲಾರದ ಮೆಲ್ಲಿಫೆರಾ: ಅದು ತುಡುವೆಗೇ ಬರುವ ರೋಗ, ನಮ್ಮ ಹುಳ ತಂದಿದ್ದಲ್ಲ. ನಿಮ್ಮ ಜಿಲ್ಲೆಯ ಜೇನು ಸೊಸೈಟಿಯಲ್ಲೇ ಕೇಳಿ ನೋಡಿ.

ದಾವಣಗೆರೆ ಅಕ್ಕ: ನಿಮ್ಮ ಪೆಟ್ಟಿಗೆ ಜಗಳ ಆಮೇಲೆ ಆಡಿ. ಆ ಹುಡುಗಿ ಟೆಸ್ಟ್ ಬಗ್ಗೆ ಕೇಳಿದ್ದಾಳೆ, ಯಾರೂ ಉತ್ತರ ಕೊಟ್ಟಿಲ್ಲ.

ಮಂಗಳೂರು ಎಮರ್ಜೆನ್ಸಿ ನರ್ಸ್: ಇವತ್ತು ನೆಗೆಟಿವ್ ಬಂದರೂ, ಪ್ರತಿ ಕಡಿತ ಹೊಸದಾಗಿ ಅಲರ್ಜಿ ಹುಟ್ಟಿಸಬಹುದು. ಟೆಸ್ಟಿನ ಮೇಲೆ ಭರವಸೆ ಇಟ್ಟು ಹೋಗಬೇಡಿ.

ತುಡುವೆ ಪೆಟ್ಟಿಗೆ: ಸೊಸೈಟಿಯಲ್ಲಿ ಕೇಳಲು ನನಗೇನೂ ಭಯವಿಲ್ಲ. ನಮ್ಮೂರ ಪಕ್ಕಕ್ಕೆ ಮೆಲ್ಲಿಫೆರಾ ಲಾರಿ ಬಂದ ವರ್ಷದ ಲೆಕ್ಕವನ್ನೂ ತರುತ್ತೇನೆ, ನೀವೂ ಬನ್ನಿ.