ವಯಸ್ಸಾದ ಬೆಕ್ಕು, ಮುಂಗಾಲಿನ ಒಂದು ಉಗುರು ಬಾಗಿದೆ, ಕಾಲು ಮುಟ್ಟಲು ಬಿಡ್ತಿಲ್ಲ

ಸಾಧನಕೇರಿ, ಧಾರವಾಡದಿಂದ:
ನಮ್ಮ ಬೆಕ್ಕಿಗೆ 12 ವರ್ಷ, ಮನೆಯೊಳಗೇ ಇರುತ್ತದೆ. ಈಚೆಗೆ ಫರಸಿ ಮೇಲೆ ನಡೆದರೆ ಟಕ್ ಟಕ್ ಸದ್ದು. ನವಲಗುಂದದ ಜಮಖಾನೆ ಮೇಲೆ ಬಂದರೆ ಉಗುರು ಎಳೆಗೆ ಸಿಕ್ಕಿಕೊಂಡು ಒದ್ದಾಡುತ್ತದೆ. ಮುಂಗಾಲಿನ ಒಳಮಗ್ಗುಲಿನ ಉಗುರಂತೂ ಪೂರ್ತಿ ಬಾಗಿದೆ. ನಾವು ಬಳಸುವ ನೇಲ್ ಕಟರ್ ನಡೆಯುತ್ತಾ? ಕಾಲು ಹಿಡಿದರೆ ಸಾಕು, ಕೊಸರಿಕೊಂಡು ಓಡುತ್ತದೆ.

ವಿದ್ಯಾನಗರ, ಹುಬ್ಬಳ್ಳಿಯಿಂದ:
ಅಕ್ಕಾರ, ಮೊದಲು ಆ ಬಾಗಿದ ಉಗುರನ್ನೇ ನೋಡಿ. ಅದು ನೆಲಕ್ಕೆ ತಾಗೋದಿಲ್ಲ, ಹಾಗಾಗಿ ಸವೆಯೋದೂ ಇಲ್ಲ. ವಯಸ್ಸಾದ ಬೆಕ್ಕು ಪರಚೋದು ಕಡಿಮೆ, ಉಗುರಿನ ಹಳೇ ಸಿಪ್ಪೆ ಉದುರದೆ ದಪ್ಪ ಆಗುತ್ತಾ ಹೋಗುತ್ತದೆ. ತುದಿ ಪಾದದ ಮೆತ್ತೆಯೊಳಗೆ ಹೊಕ್ಕಿದ್ದರೆ, ಕೀವು ಅಥವಾ ಊತ ಇದ್ದರೆ, ಮನೆಯಲ್ಲಿ ಕೈ ಹಾಕಲೇಬೇಡಿ. ಸೀದಾ ಪಶು ವೈದ್ಯರ ಹತ್ತಿರ ಒಯ್ಯಿರಿ.

ಹೊಕ್ಕಿಲ್ಲ ಅಂದ್ರೆ, ಉಂಡು ತೂಕಡಿಸುವ ಹೊತ್ತಿಗೆ ತೊಡೆ ಮೇಲೆ ಕೂರಿಸಿಕೊಳ್ಳಿ. ಬೆರಳನ್ನು ಮೇಲಿಂದ ಕೆಳಗಿಂದ ಮೆಲ್ಲಗೆ ಒತ್ತಿದರೆ ಉಗುರು ಹೊರಗೆ ಬರುತ್ತದೆ. ಬೆಳಕಿಗೆ ಹಿಡಿದು ನೋಡಿ, ಬುಡದಲ್ಲಿ ಗುಲಾಬಿ ಬಣ್ಣ ಕಾಣುತ್ತದೆ. ರಕ್ತನಾಳ, ನರ ಎಲ್ಲ ಅಲ್ಲೇ ಇರೋದು. ಅದಕ್ಕಿಂತ 2 ಮಿಲಿಮೀಟರ್‌ನಷ್ಟು ಬಿಟ್ಟು, ಬರೀ ಚೂಪು ತುದಿ ಕತ್ತರಿಸಿ. ಗುಲಾಬಿ ಸರಿಯಾಗಿ ಕಾಣದಿದ್ದರೆ ಇನ್ನೂ ಕಡಿಮೆ.

ನೇಲ್ ಕಟರ್ ಬೇಡ. ದಪ್ಪ ಉಗುರನ್ನು ಅದು ಜಜ್ಜಿ ಸೀಳುತ್ತದೆ. ಬೆಕ್ಕಿಗೆಂದೇ ಸಣ್ಣ ಕತ್ತರಿ ಸಿಗುತ್ತದೆ, ಅದನ್ನೇ ತಗೊಳ್ಳಿ.

ಬೆಟಗೇರಿ, ಗದಗದಿಂದ:
ಒಂದೇ ಸಲ ಎಲ್ಲ ಉಗುರು ಮುಗಿಸಬೇಕು ಅಂತ ಹಟ ಬೇಡ ರೀ. ಒಂದು ಕತ್ತರಿಸಿ, ತಿನ್ನಲು ಏನಾದರೂ ಕೊಟ್ಟು ಬಿಟ್ಟುಬಿಡಿ. ಅದಕ್ಕೂ ಮುಂಚೆ ಕೆಲವು ದಿನ ಕತ್ತರಿ ಇಲ್ಲದೆ ಸುಮ್ನೆ ಪಂಜ ಒತ್ತಿ ರೂಢಿ ಮಾಡಿಸಿ. ಕುತ್ತಿಗೆಯ ಚರ್ಮ ಹಿಡಿದು ಎತ್ತಬೇಡಿ, ಮುದಿ ಜೀವಕ್ಕೆ ನೋವಾಗುತ್ತದೆ. ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ, ಶುಚಿಯಾದ ಬಟ್ಟೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯಿರಿ. ನಿಮಗೆ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ರೇಬೀಸ್ ಲಸಿಕೆ ಬೇಕಾ ಅಂತ ಅವತ್ತೇ ಡಾಕ್ಟರನ್ನು ಕೇಳಿ.

ಸಾಧನಕೇರಿಯಿಂದ:
ಟಾರ್ಚ್ ಹಾಕಿ ನೋಡಿದೆ, ಮೆತ್ತೆಗೆ ತಾಗಿಲ್ಲ, ನಡುವೆ ಕೂದಲೆಳೆಯಷ್ಟು ಜಾಗ ಇದೆ. ಕತ್ತರಿ ತಂದು ಅದೊಂದನ್ನು ಕತ್ತರಿಸಿದೆವು, ರಕ್ತ ಬರಲಿಲ್ಲ. ಹಿಂಗಾಲಿನದೂ ಕತ್ತರಿಸಬೇಕಾ?

ವಿದ್ಯಾನಗರದಿಂದ:
ಒಳ್ಳೇದಾಯ್ತು ಅಕ್ಕಾರ. ಹಿಂಗಾಲಿಂದು ಅಷ್ಟು ಬೇಗ ಬೆಳೆಯೋದಿಲ್ಲ, ಎಳೆಗೆ ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ಕತ್ತರಿಸಿ. ಮುಂಗಾಲನ್ನು ಎರಡು-ಮೂರು ವಾರಕ್ಕೊಮ್ಮೆ ನೋಡ್ತಾ ಇರಿ. ಒಂದು ಗೋಣಿಚೀಲವನ್ನು ಹಲಗೆಗೆ ಬಿಗಿಯಾಗಿ ಸುತ್ತಿ ಅದು ಮಲಗುವ ಜಾಗದ ಹತ್ತಿರ ಇಡಿ, ಅಲ್ಲೇ ಪರಚಿಕೊಳ್ಳಲಿ.