ಚೀನಾ ಮಂದಿಗೆ ಅವರ ಸರ್ಕಾರ ಖರೇನ ಬೇಕಾಗೇತೋ, ಇಲ್ಲಾ ಅಂಜಿ ಸುಮ್ನ ಅದಾರೋ?

ದುರ್ಗದಬೈಲ್ ಅಂಗಡಿಯವ, ಹುಬ್ಬಳ್ಳಿ:

ಎಲ್ಲಾರಿಗೂ ನಮಸ್ಕಾರ್ರೀ. ನಂದು ದುರ್ಗದಬೈಲ್ ಹತ್ರ ಹೋಲ್‌ಸೇಲ್ ಅಂಗಡಿ. ಹೇರ್ ಕ್ಲಿಪ್, ರಿಬ್ಬನ್, ಆಟಿಗಿ ಸಾಮಾನು, ದೀಪಾವಳಿಗೆ ಸೀರಿಯಲ್ ಸೆಟ್. ಮುಕ್ಕಾಲು ಮಾಲು ಚೀನಾದ ಯಿವು ಊರಿಂದ ಬರ್ತೈತಿ, ಹಂಗಾಗಿ ಆಗಾಗ ಅಲ್ಲಿಗೆ ಹೋಗಿ ಬರೋ ಕೆಲಸ ಬೀಳ್ತದ. 2020ರಾಗ ಗಾಲ್ವಾನ್ ಗದ್ದಲ ಆದಾಗ ಅಂಗಡಿ ಮುಂದ ನಿಂತು "ಚೀನಾ ಮಾಲು ಸುಡ್ರಿ" ಅಂದವ್ರ, ದೀಪಾವಳಿ ಮುಂದ ಬಂದು "ಸೆಟ್ ಎಷ್ಟಕ್ಕ ಬಿಡ್ತಿ?" ಅಂತ ಚೌಕಾಶಿ ಮಾಡಿದ್ರು. ಇರ್ಲಿ, ಅದು ಬ್ಯಾರೆ ಮಾತು.

ಅಲ್ಲಿ ನಮ್ಮ ಏಜೆಂಟ್ ಒಬ್ಬಾಕಿ ಅದಾಳ. ಇಂಗ್ಲಿಷ್ ಛಲೋ ಮಾತಾಡ್ತಾಳ, ರೇಟಿನ ಮಾತು ಬಂದ್ರ ಒಂದು ಪೈಸಾ ಬಿಡಂಗಿಲ್ಲ. ಒಂದಿನ ಊಟಕ್ಕ ಕುಂತಾಗ ಬಾಯಿ ತಡೀಲಾರದ ಕೇಳೇಬಿಟ್ಟೆ: "ನಿಮ್ಮಲ್ಲಿ ವೋಟ್ ಇಲ್ಲ, ಆಳೋವ್ರನ್ನ ಇಳಸಾಕ ಬರಂಗಿಲ್ಲ. ಸಿಟ್ಟ ಬರಂಗಿಲ್ಲೇನ?"

ಆಕಿ ನಕ್ಕಳು. ಆಕಿ ಅಜ್ಜ ಹೆಗಲ ಮ್ಯಾಲ ಬುಟ್ಟಿ ಹೊತ್ತು ಊರೂರು ತಿರುಗಿ, ಬೆಲ್ಲದ ತುಂಡು ಕೊಟ್ಟು ಕೋಳಿ ಪುಕ್ಕ ತಗೋತಿದ್ನಂತ. ಅದೂ ಅಂಜಿಕೋಂತ, ಯಾಕಂದ್ರ ಆಗ ಸ್ವಂತ ವ್ಯಾಪಾರ ಅಂದ್ರ ತಪ್ಪು. 1982ರಾಗ ಅಲ್ಲಿಯ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಬೀದಿ ಮಾರ್ಕೆಟ್ಟಿಗೆ ಪರವಾನಗಿ ಕೊಟ್ಟ ಮ್ಯಾಲ ಆಕಿ ಅಪ್ಪ ಅಂಗಿ ಗುಂಡಿ ಮಾರಾಕ ಹತ್ತಿದ. ಈಗ ಆಕಿಗೆ ಸ್ವಂತ ಫ್ಲ್ಯಾಟ್ ಐತಿ, ಎಲೆಕ್ಟ್ರಿಕ್ ಕಾರ್ ಐತಿ. "ನೀವು ಐದು ವರ್ಷಕ್ಕೊಮ್ಮೆ ವೋಟ್ ಹಾಕ್ತೀರಲ್ಲ, ನಿಮ್ಮ ನಳಕ್ಕ ದಿನಾ ನೀರು ಬರ್ತದೇನು?" ಅಂತ ನನ್ನನ್ನ ತಿರುಗಿ ಕೇಳಿದ್ಲು. ಎಂಟು ದಿನಕ್ಕೊಮ್ಮೆ ನೀರು ಬಿಡೋ ಕಥಿ ಹಿಂದ ನಾನ ಹೇಳಿದ್ದೆ. ಹುಬ್ಬಳ್ಳಿಯವ ಇದಕ್ಕೇನು ಉತ್ತರ ಕೊಡ್ಬೇಕು?

ಅದ ಸಂಜಿ ಆಕಿ ಕಾರಿನ್ಯಾಗ ಬರೂ ಮುಂದ 1989ರ ತಿಯಾನನ್ಮೆನ್ ಚೌಕದ ಮಾತು ತಗದೆ, ಪ್ರಜಾಪ್ರಭುತ್ವ ಕೇಳಿದ ಹುಡುಗರ ಚಳವಳಿಯನ್ನ ಆ ಜೂನ್ ತಿಂಗಳಾಗ ಬೀಜಿಂಗಿನ್ಯಾಗ ಸೈನ್ಯ ಗುಂಡು ಹಾರಿಸಿ ಹತ್ತಿಕ್ಕಿತ್ತಲ್ಲ, ಅದು. ಆಕಿ ಏನೂ ಅನ್ನಲಿಲ್ಲ, ಹಾಡಿನ ಸೌಂಡ್ ಏರಿಸಿದ್ಲು. ಲಾಡ್ಜ್ ಮುಂದ ಇಳಿಯೂ ಮುಂದ ಮಾತ್ರ "ವೀಚಾಟ್‌ನ್ಯಾಗ ಇಂಥಾದ್ದು ಬರೀಬ್ಯಾಡ್ರಿ" ಅಂತ ಹೇಳಿ ಹೋದ್ಲು. ವೀಚಾಟ್ ಅಂದ್ರ ಅಲ್ಲಿಯವ್ರ ವಾಟ್ಸಾಪ್ ಇದ್ದಂಗ.

ಈಗ ಯಾವುದು ಖರೇ ಅಂತ ತಿಳ್ಕೋಬೇಕು? ಅಲ್ಲಿ ಇದ್ದು ಬಂದವ್ರು, ಓದಿಕೊಂಡವ್ರು ಸ್ವಲ್ಪ ಹೇಳ್ರಿ.

ವಿದ್ಯಾನಗರ ಹುಡುಗ:

ಅಣ್ಣಾ, ಇದ್ರಾಗ ಕೇಳೋದೇನೈತಿ? ಮಂದಿ ಆರಾಮ ಅದಾರ. 2008ಕ್ಕ ಬುಲೆಟ್ ಟ್ರೇನ್ ಲೈನ್ ಶುರು ಮಾಡಿದವ್ರು ಈಗ 40,000 ಕಿ.ಮೀ. ದಾಟ್ಯಾರ. ನಮ್ಮಲ್ಲಿ ಒಂದು ಫ್ಲೈಓವರ್ ಕಂಬ ಎಬ್ಬಿಸೋದ್ರಾಗ ಎಲೆಕ್ಷನ್ ಮುಗದು ಮತ್ತೊಂದು ಬರ್ತದ. ನಮಗೂ ಒಂದು ಹತ್ತು ವರ್ಷ ಅಂಥಾ ಒಬ್ಬ ಬೇಕು, ಎಲ್ಲಾ ಸೀದಾ ಆಗ್ತದ.

ಗದಗಿನ ಡಾಕ್ಟರ್:

ಅಂಗಡಿ ಅಣ್ಣಾರ, ನಾನು ವುಹಾನ್‌ದಾಗ ಎಂಬಿಬಿಎಸ್ ಓದಿದಾಕಿ. 2020ರ ಫೆಬ್ರುವರಿ ಮೊದಲಿಗೆ ಏರ್ ಇಂಡಿಯಾದ ಎರಡು ವಿಮಾನದಾಗ 647 ಭಾರತೀಯರನ್ನ ಕರಕೊಂಡು ಬಂದ್ರಲ್ಲ, ಅದರಾಗ ನಾನೂ ಇದ್ದೆ. ನಿಮ್ಮ ಏಜೆಂಟ್ ಊಟದಾಗ ಹೇಳಿದ್ದೂ ಖರೇ, ಕಾರಿನ್ಯಾಗ ಹೇಳದೆ ಬಿಟ್ಟಿದ್ದೂ ಖರೇ. ಎರಡರಾಗ ಒಂದನ್ನ ಆರಿಸಾಕ ಹೋದ್ರ ನಿಮಗ ಆ ಮಂದಿ ತಿಳಿಯಂಗಿಲ್ಲ.

ನನ್ನ ಜೋಡಿ ವಾರ್ಡ್ ಡ್ಯೂಟಿ ಮಾಡ್ತಿದ್ದ ಒಬ್ಬ ಚೀನೀ ಗೆಳತಿ ಕಥಿ ಹೇಳ್ತೀನಿ. ಹೆಸರು ಬ್ಯಾಡ.

ಲಿ ವೆನ್‌ಲಿಯಾಂಗ್ ಹೆಸರು ಕೇಳಿರಬೇಕು, ವುಹಾನ್ ಸೆಂಟ್ರಲ್ ಆಸ್ಪತ್ರೆಯ ಕಣ್ಣಿನ ಡಾಕ್ಟರ್. 2019ರ ಡಿಸೆಂಬರ್ 30ಕ್ಕ ತಮ್ಮ ಕ್ಲಾಸ್‌ಮೇಟ್ ಗ್ರೂಪಿನ್ಯಾಗ ಸಾರ್ಸ್‌ನಂಥಾ ಕೇಸ್ ಬಂದಾವ, ಹುಷಾರಾಗಿರ್ರಿ ಅಂತ ಹಾಕಿದ್ರು. ಜನವರಿ 3ಕ್ಕ ಪೊಲೀಸರು ಕರಸಿ, ಸುಳ್ಳು ಸುದ್ದಿ ಹಬ್ಬಿಸೀ ಅಂತ ಬರದ ಕಾಗದಕ್ಕ ಸಹಿ ಹಾಕಿಸಿಕೊಂಡ್ರು. ಆ ಕಾಗದದಾಗ ಎರಡು ಪ್ರಶ್ನೆ ಇದ್ವು: ಇನ್ನ ನಿಲ್ಲಸ್ತೀಯೇನು, ತಿಳೀತೇನು. "ಆಗ್ತದ", "ತಿಳೀತು" ಅಂತ ಕೈಲೆ ಬರದು ಹೆಬ್ಬಟ್ಟು ಒತ್ತಿದ್ದ ಫೋಟೊ ಆಮ್ಯಾಲ ಊರ ತುಂಬ ಓಡ್ಯಾಡ್ತು. ಅವರು ಸ್ವತಃ ಕಮ್ಯುನಿಸ್ಟ್ ಪಕ್ಷದ ಸದಸ್ಯರು, ಸರ್ಕಾರದ ವೈರಿ ಏನಲ್ಲ. ಹಾಸಿಗಿ ಮ್ಯಾಲ ಇದ್ದಾಗ ಒಬ್ಬ ಪತ್ರಕರ್ತರಿಗೆ "ಆರೋಗ್ಯವಂತ ಸಮಾಜದಾಗ ಒಂದ ದನಿ ಇರಬಾರದು" ಅಂದಿದ್ರು. ಫೆಬ್ರುವರಿ 7ಕ್ಕ ಕೋವಿಡ್‌ನಿಂದ ತೀರಿಕೊಂಡ್ರು.

ಆ ರಾತ್ರಿ ನಾವು ದಿಲ್ಲಿ ಹತ್ರ ಕ್ವಾರಂಟೈನ್ ಕ್ಯಾಂಪಿನ್ಯಾಗ ಇದ್ವಿ. ನಿದ್ದಿ ಬರಲಿಲ್ಲ, ಫೋನ್ ನೋಡ್ಕೋಂತ ಕುಂತಿದ್ದೆ. ನಮಗ ಪರಿಚಯದ ಚೀನೀ ಹುಡುಗರು, ಎಂದೂ ರಾಜಕೀಯ ಮಾತಾಡದವ್ರು, ಸಾಲಾಗಿ ಮೇಣಬತ್ತಿ ಚಿತ್ರ ಹಾಕಾಕ ಹತ್ತಿದ್ರು. ಅಲ್ಲಿಯ ಟ್ವಿಟರಿನಂಥಾ ವೀಬೊದಾಗ "ನನಗೆ ವಾಕ್ ಸ್ವಾತಂತ್ರ್ಯ ಬೇಕು" ಅನ್ನೋ ಹ್ಯಾಶ್‌ಟ್ಯಾಗ್ ಮ್ಯಾಲ ಬಂತು. ನನ್ನ ಗೆಳತಿನೂ ಅದನ್ನ ಹಾಕಿದ್ಲು. ಬೆಳಗಾಗೂದ್ರಾಗ ಹ್ಯಾಶ್‌ಟ್ಯಾಗ್ ಇಲ್ಲ, ಆಕಿ ಪೋಸ್ಟೂ ಇಲ್ಲ. ಆಕಿ ತಗದ್ಲೋ, ಅವರ ತಗದ್ರೋ, ನಾನು ಕೇಳಾಕ ಹೋಗಲಿಲ್ಲ.

ಇಷ್ಟಕ್ಕ ನಿಲ್ಲಿಸಿದ್ರ "ನೋಡ್ರಿ, ಒಳಗೊಳಗ ಕುದೀತಾರ" ಅಂತೀರಿ. ಮುಂದ ಕೇಳ್ರಿ. ಏಪ್ರಿಲ್‌ದಾಗ ವುಹಾನ್ ಬಾಗಿಲ ತಗದಾಗ, ಅಮೆರಿಕಾದಾಗ ಹೆಣ ಇಡಾಕ ಜಾಗ ಸಾಲದ ಸುದ್ದಿ ಬಂದಾಗ, ಅದ ಗೆಳತಿ ಕೆಂಪು ಬಾವುಟದ ಫೋಟೊ ಹಾಕಿ ಚೀನಾದಾಗ ಹುಟ್ಟಿದ್ದಕ್ಕ ಹೆಮ್ಮೆ ಅಂತ ಬರದ್ಲು. ಯಾರೂ ಬರಿ ಅಂದಿರಲಿಲ್ಲ. ಲಿ ವೆನ್‌ಲಿಯಾಂಗ್‌ಗೆ ಕೊಟ್ಟ ಎಚ್ಚರಿಕೆ ಪತ್ರವನ್ನ ಅಷ್ಟರಾಗ ಸರ್ಕಾರನ ಹಿಂದ ತಗೊಂಡಿತ್ತು, ಅವರನ್ನ ಹುತಾತ್ಮ ಅಂತ ಘೋಷಿಸಿತ್ತು. ತಪ್ಪು ಯಾರದ್ದು? ಲೋಕಲ್ ಪೊಲೀಸರದ್ದು. ಬೀಜಿಂಗ್ ನ್ಯಾಯ ಕೊಡ್ತು. ಹಂಗ ಆತು ಕಥಿ.

2022ರ ನವೆಂಬರ್ 24ಕ್ಕ ಉರುಮ್ಚಿ ಊರಿನ ಒಂದು ಅಪಾರ್ಟ್‌ಮೆಂಟಿಗೆ ಬೆಂಕಿ ಹತ್ತಿ 10 ಮಂದಿ ಸತ್ರು. ಲಾಕ್‌ಡೌನ್ ಬೇಲಿಯಿಂದ ಹೊರಗ ಬರಾಕ ಆಗಲಿಲ್ಲ ಅಂತ ಮಂದಿ ನಂಬಿದ್ರು. ಶಾಂಘೈದಾಗ, ಬೀಜಿಂಗ್‌ದಾಗ, ಕಾಲೇಜಿನ ಅಂಗಳದಾಗ ಹುಡುಗರು ಏನೂ ಬರೀದ ಬಿಳಿ ಹಾಳಿ ಹಿಡಿದು ನಿಂತ್ರು. ಶಾಂಘೈದಾಗಂತೂ ಪಕ್ಷ ಇಳೀಲಿ, ಷೀ ಜಿನ್‌ಪಿಂಗ್ ಇಳೀಲಿ ಅಂತ ಬಾಯಿ ಬಿಟ್ಟು ಕೂಗಿದ್ರು. ನನ್ನ ಗೆಳತಿ ಆ ವಾರ ಒಂದು ಖಾಲಿ ಬಿಳಿ ಚೌಕ ಹಾಕಿದ್ಲು, ಒಂದಕ್ಷರ ಇಲ್ಲ. ಡಿಸೆಂಬರ್ 7ಕ್ಕ ಸರ್ಕಾರ ಕೋವಿಡ್ ನಿಯಮ ಸಡಿಲಿಸ್ತು. ಹಾಳಿ ಹಿಡದ ಕೆಲವರನ್ನ ಆಮ್ಯಾಲ ಹುಡುಕಿ ಹಿಡಕೊಂಡು ಹೋದ್ರು.

ಮೇಣಬತ್ತಿ, ಬಾವುಟ, ಬಿಳಿ ಚೌಕ, ಮೂರೂ ಒಬ್ಬಾಕೀದ. ಆಕಿ ಸುಳ್ಳು ಹೇಳಿದ್ದು ಯಾವಾಗ ಅಂತ ಕೇಳಿದ್ರ, ಯಾವಾಗ್ಲೂ ಇಲ್ಲ ಅಂತೀನಿ.

ಲೆಕ್ಕಾನೂ ಬೇಕಂದ್ರ: ಹಾರ್ವರ್ಡ್‌ದವ್ರು 2003ರಿಂದ 2016ರ ತನಕ ಅಲ್ಲಿ 31,000ಕ್ಕಿಂತ ಹೆಚ್ಚು ಮಂದಿನ್ನ ಎದುರಿಗೆ ಕುಂದ್ರಿಸಿ ಕೇಳ್ಯಾರ. 2016ರಾಗ ಬೀಜಿಂಗಿನ ಕೇಂದ್ರ ಸರ್ಕಾರ ತೃಪ್ತಿ ಕೊಟ್ಟೇತಿ ಅಂದವ್ರು ನೂರಕ್ಕ 93. ತಮ್ಮೂರಿನ ಹೋಬಳಿ ಮಟ್ಟದ ಆಫೀಸಿನ ಬಗ್ಗೆ ಹಂಗಂದವ್ರು 70, 2003ರಾಗಂತೂ 44. ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲ ಅಂತೀವಲ್ಲ, ಬರೋಬ್ಬರಿ ಅದ. ನಮ್ಮಲ್ಲಿ ಕಾರ್ಪೊರೇಟರ್‌ನ ಬೈದು ದಿಲ್ಲೀನ ಹೊಗಳವ್ರು ಕಡಿಮಿ ಏನಿಲ್ಲ, ಬಿಡ್ರಿ. ಇನ್ನೊಂದು ಅಧ್ಯಯನ 2024ರಾಗ ಬಂತು. ನೇರ ಕೇಳಿದ್ರ ಪಕ್ಷಕ್ಕ ಬೆಂಬಲ 90ರ ಮ್ಯಾಲ. ಯಾವ ಮಾತಿಗೆ ಹೂಂ ಅಂದೆ ಅಂತ ಹೇಳೋದ ಬ್ಯಾಡ, ಪಟ್ಟಿಯಾಗ ಎಷ್ಟು ಮಾತು ಒಪ್ತಿ ಅನ್ನೋ ಸಂಖ್ಯೆ ಅಷ್ಟ ಹೇಳು ಅಂದಾಗ ಆ ಬೆಂಬಲ ಸುಮಾರು 25 ಅಂಶ ಇಳೀತು. ಆ ಇಳಿದದ್ದು ಅಂಜಿಕಿ. ಉಳಿದದ್ದೂ ಸಣ್ಣದಲ್ಲ ನೋಡ್ರಿ, ಅದು ನಿಮ್ಮ ಏಜೆಂಟಿನ ಕೋಳಿ ಪುಕ್ಕದ ಕಥಿ.

ಮಲಪ್ರಭಾ ದಂಡಿಯವ, ನರಗುಂದ:

ವಿದ್ಯಾನಗರ ತಮ್ಮಾ, ಬುಲೆಟ್ ಟ್ರೇನಿಗೆ ನೆಲ ಎಲ್ಲಿಂದ ಬಂತು ಅಂತ ಕೇಳಿದೇನು? ಅಲ್ಲಿ ಪಟ್ಟಣದ ನೆಲ ಸರ್ಕಾರದ್ದು, ಹಳ್ಳಿ ನೆಲ ಊರಿನ ಸಾಮೂಹಿಕದ್ದು. ರೈತನ ಹೆಸರಿಲೆ ಇರೋದು ಉಳೋ ಹಕ್ಕು ಮಾತ್ರ, ನಮ್ಮ ಉತಾರದಂಗ ಮಾಲ್ಕಿ ಅಲ್ಲ. ಊರ ಸಮಿತಿಯವ್ರು ಬಿಲ್ಡರ್ ಜೋಡಿ ಕೈ ಮಿಲಾಯಿಸಿದ್ರ ಮುಗೀತು.

ಗ್ವಾಂಗ್‌ಡಾಂಗ್ ಪ್ರಾಂತದ ವುಕಾನ್ ಹಳ್ಳಿಯಾಗ 2011ರಾಗ ಇದ ಆಗಿದ್ದು. ನೆಲ ಮಾರಿಕೊಂಡ ಮುಖಂಡರನ್ನೂ ಪೊಲೀಸರನ್ನೂ ಊರವ್ರು ಹೊರಗ ಹಾಕಿದ್ರು. ಅವರ ಪ್ರತಿನಿಧಿ ಒಬ್ಬ ಪೊಲೀಸ್ ಕಸ್ಟಡಿಯಾಗ ಸತ್ತ. ಅಷ್ಟಾದ್ರೂ ಅವರು ಹಿಡದ ಬೋರ್ಡಿನ್ಯಾಗ ಏನಿತ್ತು ಗೊತ್ತೇನು? ನಾವು ದಂಗೆಕೋರರಲ್ಲ, ಕಮ್ಯುನಿಸ್ಟ್ ಪಕ್ಷದ ಬೆಂಬಲಿಗರು, ದೇಶ ಪ್ರೀತಿಸೋರು ಅಂತ. 2012ರಾಗ ಗುಪ್ತ ಮತದಾನದಿಂದ ತಮ್ಮ ಮುಖಂಡನನ್ನ ಆರಿಸಿಕೊಂಡ್ರು, ಜಗತ್ತೆಲ್ಲಾ ಹಾಡಿ ಹೊಗಳ್ತು. ನೆಲ ತಿರುಗಿ ಬರಲಿಲ್ಲ. ಮತ್ತ ಹೋರಾಟಕ್ಕ ಇಳೀಬೇಕು ಅನ್ನೂದ್ರಾಗ, ಆರಿಸಿ ಬಂದ ಆ ಮುಖಂಡನ್ನ 2016ರಾಗ ಲಂಚದ ಕೇಸಿನ್ಯಾಗ ಜೈಲಿಗೆ ಹಾಕಿದ್ರು.

ಈಗ ನಮ್ಮೂರಿಗೆ ಬಾ. 1980ರ ಜುಲೈ 21. ಮಲಪ್ರಭಾ ಕಾಲುವಿ ನೀರು ಸರಿಯಾಗಿ ಬರಲಾರದ ಹೊಲಕ್ಕೂ ಅಭಿವೃದ್ಧಿ ಕರ ಹಾಕಿದ್ರು ಅಂತ ನರಗುಂದ, ನವಲಗುಂದದ ರೈತರು ಎದ್ರು. ಗೋಲಿಬಾರ್ ಆತು, ಜೀವ ಹೋದ್ವು. ಇಲ್ಲೂ ಸರ್ಕಾರದ ಕೈಯಾಗ ರಕ್ತ ಐತಿ, ಅದನ್ನ ನಾನು ಮುಚ್ಚಂಗಿಲ್ಲ. ಆದ್ರ 1983ರ ಎಲೆಕ್ಷನ್ನಿನ್ಯಾಗ ಗುಂಡೂರಾವ್ ಸರ್ಕಾರ ಮನಿಗೆ ಹೋತು, ಕರ್ನಾಟಕದಾಗ ಮೊದಲನೇ ಸಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಇವತ್ತಿಗೂ ಜುಲೈ 21ಕ್ಕ ವೀರಗಲ್ಲಿಗೆ ಹಾರ ಹಾಕಾಕ ಎಲ್ಲಾ ಪಕ್ಷದವ್ರು ಸಾಲು ಹಚ್ತಾರ, ನಾವು ಅವರ ಮುಂದ ನಿಂತ ಅವರನ್ನ ಬೈತೀವಿ. ಬೀಜಿಂಗ್‌ದಾಗ 1989ರ ಗುಂಡಿಗೆ 17 ವರ್ಷದ ಮಗನನ್ನ ಕಳಕೊಂಡ ಡಿಂಗ್ ಝಿಲಿನ್ ಅನ್ನೋ ತಾಯಿ ಆಗ ಸತ್ತವರ ಹೆಸರು ಬರಕೋಂತ ಬಂದಾರ. ಜೂನ್ ಬಂತಂದ್ರ ಅಂಥಾ ತಾಯಂದಿರ ಮನಿ ಮುಂದ ಕಾವಲು.

ನಿನಗ ಹತ್ತು ವರ್ಷ ಅಂಥಾ ಒಬ್ಬ ಬೇಕೇನು? ಹನ್ನೊಂದನೇ ವರ್ಷ ಅವನ್ನ ಇಳಸೋವ್ರು ಯಾರು? 2018ರಾಗ ಅವರ ಸಂಸತ್ತಿನ್ಯಾಗ ಅಧ್ಯಕ್ಷರ ಅವಧಿ ಮಿತಿ ತಗಿಯೋ ತಿದ್ದುಪಡಿಗೆ 2,958 ಮತ ಪರ, 2 ವಿರೋಧ.

ಸಪ್ತಾಪುರದ ಮಾಸ್ತರ, ಧಾರವಾಡ:

ಇತಿಹಾಸ ಪಾಠ ಹೇಳಿ ನಿವೃತ್ತನಾದವನು, ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ವುಕಾನ್‌ನವರು ದೇಶಪ್ರೇಮದ ಬೋರ್ಡು ಹಿಡಿದದ್ದು ಬರೀ ನಾಟಕವಲ್ಲ. ಚೀನಾದಲ್ಲಿ ದೇಶಪ್ರೇಮ ಮತ್ತು ಪ್ರಜಾಪ್ರಭುತ್ವದ ಬೇಡಿಕೆ ಜೊತೆಯಾಗಿಯೇ ಬೀದಿಗೆ ಬಂದವು. ಮೊದಲ ಮಹಾಯುದ್ಧ ಮುಗಿದ ಮೇಲೆ ಚೀನಾದ ಶಾಂಡಾಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿಗೆ ಒಪ್ಪಿಸಿದರೆಂದು 1919ರ ಮೇ 4ರಂದು ಬೀಜಿಂಗಿನ ವಿದ್ಯಾರ್ಥಿಗಳು ತಿಯಾನನ್ಮೆನ್ ಎದುರು ಸೇರಿದರು. ಆ ಪೀಳಿಗೆ ವಿಜ್ಞಾನವನ್ನೂ ಪ್ರಜಾಪ್ರಭುತ್ವವನ್ನೂ ಇಬ್ಬರು ಮಹನೀಯರಂತೆ 'ಶ್ರೀಮಾನ್' ಹಚ್ಚಿ ಕರೆಯಿತು. ಹಾಗೆ ಕರೆದ ಚೆನ್ ಡುಷಿಯು ಅವರೇ 1921ರಲ್ಲಿ ಕಮ್ಯುನಿಸ್ಟ್ ಪಕ್ಷ ಕಟ್ಟಿದವರಲ್ಲಿ ಮೊದಲಿಗರು.

1989ರಲ್ಲೂ ಹುಡುಗರು ದೇಶದ ವಿರುದ್ಧ ನಿಲ್ಲಲಿಲ್ಲ. ಏಪ್ರಿಲ್ 22ರಂದು ಮೂವರು ವಿದ್ಯಾರ್ಥಿಗಳು ಜನತಾ ಮಹಾಸಭಾಂಗಣದ ಮೆಟ್ಟಿಲ ಮೇಲೆ ಮೊಣಕಾಲೂರಿ, ಮನವಿ ಪತ್ರವನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂತರು. ಪ್ರಧಾನಿ ಬಂದು ತೆಗೆದುಕೊಳ್ಳಲಿ ಎಂದು. ಯಾರೂ ಹೊರಗೆ ಬರಲಿಲ್ಲ. ನಾಲ್ಕು ದಿನದ ಮೇಲೆ ಪಕ್ಷದ ಪತ್ರಿಕೆ ಇದು 'ದೊಂಬಿ' ಎಂದು ಸಂಪಾದಕೀಯ ಬರೆಯಿತು. ಅಲ್ಲಿಂದ ಮುಂದೆ ಅವರ ದೊಡ್ಡ ಬೇಡಿಕೆಗಳಲ್ಲೊಂದು, ಆ ಮಾತು ವಾಪಸು ತೆಗೆದುಕೊಂಡು ನಮ್ಮದು ದೇಶಭಕ್ತ ಚಳವಳಿ ಎಂದು ಒಪ್ಪಿ ಎನ್ನುವುದೇ ಆಗಿತ್ತು. ಅದರ ಪಾಠವನ್ನು ಪಕ್ಷ ತನ್ನ ರೀತಿಯಲ್ಲಿ ಕಲಿಯಿತು. 1994ರಿಂದ ಶಾಲೆಗಳಲ್ಲಿ ದೇಶಭಕ್ತಿ ಶಿಕ್ಷಣದ ಅಭಿಯಾನ. ಬ್ರಿಟನ್ ಚೀನಾದ ಮೇಲೆ ಮಾಡಿದ ಅಫೀಮು ಯುದ್ಧದಿಂದ ಜಪಾನಿನ ದಾಳಿಯವರೆಗಿನ ನೂರು ವರ್ಷದ ಅವಮಾನವೇ ಅದರ ತಿರುಳು. 2024ರ ಜನವರಿ 1ರಿಂದ ಅದಕ್ಕೊಂದು ಕಾನೂನೂ ಜಾರಿಗೆ ಬಂದಿದೆ. ಅವಮಾನ ಸುಳ್ಳಲ್ಲ. ಆ ಅಫೀಮು ನಮ್ಮ ಮಾಳವ, ಬಿಹಾರದ ಹೊಲಗಳಿಂದಲೇ ಹೋಗುತ್ತಿತ್ತು, ಇದನ್ನು ನಮ್ಮ ಪಠ್ಯಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ಆದರೆ 1959ರಿಂದ 61ರ ಕ್ಷಾಮದಲ್ಲಿ ಕೋಟಿಗಟ್ಟಲೆ ಜನ ಸತ್ತದ್ದು ಅವರ ಪಾಠದಲ್ಲಿ ಅಷ್ಟು ದೊಡ್ಡ ಅಕ್ಷರದಲ್ಲಿ ಬರುವುದಿಲ್ಲ.

ದುರ್ಗದಬೈಲ್ ಅಂಗಡಿಯವ, ಹುಬ್ಬಳ್ಳಿ:

ಎಲ್ಲಾರ್ಗೂ ಭಾಳ ಉಪಕಾರ ಆತ್ರಿ. ಡಾಕ್ಟರ್ ತಂಗಿ, ಒಂದ ಮಾತು. ಗಾಲ್ವಾನ್ ಬಗ್ಗೆ ಅಲ್ಲಿಯ ಮಂದಿಗೆ ಸಿಟ್ಟ ಇರಲಿಲ್ಲೇನು? ಆ ಟೈಮಿನ್ಯಾಗ ನನಗ ಯಾರೂ ಒಂದು ಕೊಂಕು ಮಾತು ಸುದ್ಧಾ ಆಡಲಿಲ್ಲ, ಮಾಲು ಕಳಸ್ತಾನ ಇದ್ರು.

ಗದಗಿನ ಡಾಕ್ಟರ್:

ಅಣ್ಣಾರ, ಆಗ ಬಹಳ ಮಂದಿಗೆ ಅದು ಪೂರ್ತಿ ಗೊತ್ತಾಗಿದ್ದ ತಡ. ನಮ್ಮವ್ರು 20 ಯೋಧರ ಹೆಸರು ಆ ವಾರದಾಗ ಹೇಳಿದ್ರು. ಅವರು ತಮ್ಮ 4 ಮಂದಿ ಸತ್ತಿದ್ದನ್ನ ಹೇಳಿದ್ದು 2021ರ ಫೆಬ್ರುವರಿಗೆ. ಆವಾಗ ಆನ್‌ಲೈನ್‌ದಾಗ ಸಿಟ್ಟ ಸಾಕಷ್ಟು ಹರೀತು. ನನ್ನ ಇನ್‌ಬಾಕ್ಸಿಗೂ ಎರಡು ಬಂದ್ವು. 25 ಲಕ್ಷ ಫಾಲೋವರ್ ಇದ್ದ ಒಬ್ಬ ಬ್ಲಾಗರ್, ಸತ್ತವ್ರು ಬರೇ 4 ಇರಲಿಕ್ಕಿಲ್ಲ ಅಂತ ಬರದದ್ದಕ್ಕ ಹುತಾತ್ಮರಿಗೆ ಅವಮಾನ ಅಂತ 8 ತಿಂಗಳು ಜೈಲಿಗೆ ಹೋದ. ದೇಶಪ್ರೇಮಕ್ಕೂ ಅಲ್ಲಿ ಅಳತಿ ಇರ್ತದ. 2012ರಾಗ ಜಪಾನ್ ವಿರೋಧಿ ಮೆರವಣಿಗೆಯಾಗ ಷಿಆನ್ ಊರಿನ ಒಬ್ಬ ಚೀನೀ ಮನುಷ್ಯಾನ್ನ, ಜಪಾನಿ ಕಾರ್ ಓಡಸ್ತಿದ್ದ ಅನ್ನೋದಕ್ಕ ತಲಿ ಒಡದಿದ್ರು. ಆಗ ಸರ್ಕಾರನ "ವಿವೇಕದ ದೇಶಪ್ರೇಮ ಇರ್ಲಿ" ಅಂತ ಸಮಾಧಾನ ಹೇಳಬೇಕಾತು.

ಮತ್ತ ಮುಂದಿನ ಸಲ ಹೋದಾಗ ಏಜೆಂಟಿಗೆ ತಿಯಾನನ್ಮೆನ್ ಕೇಳಬ್ಯಾಡ್ರಿ, ಆಕಿಗೆ ಸುಮ್ನ ತ್ರಾಸು. ವೀಚಾಟ್‌ದಾಗಂತೂ ಬ್ಯಾಡ. ಗೋದಾಮಿನ್ಯಾಗ ಬಾಕ್ಸ್ ಕಟ್ಟೋ ಹೊರಗಿನ ಪ್ರಾಂತದ ಹುಡುಗರು ಇರ್ತಾರಲ್ಲ, ಅವರಿಗೆ "ಮಕ್ಕಳು ಎಲ್ಲಿ ಓದ್ತಾರ?" ಅಂತ ಕೇಳ್ರಿ. ಹುಕೌ ಅಂತ ಮನಿತನದ ನೋಂದಣಿ ಐತಿ, 1958ರಿಂದ. ಅದು ಹಳ್ಳಿಯಾಗ ಇದ್ರ ಪಟ್ಟಣದ ಸರ್ಕಾರಿ ಸಾಲಿಗೆ ಸೇರ್ಸೋದ ಕಷ್ಟ, ಕಾಲೇಜಿನ ಎಂಟ್ರೆನ್ಸಿಗೆ ಬಹಳ ಕಡೆ ಹುಕೌ ಇರೋ ಪ್ರಾಂತಕ್ಕ ತಿರುಗಿ ಹೋಗಬೇಕು. ಹಂಗಾಗಿ ಎಷ್ಟೋ ಮಕ್ಕಳು ಹಳ್ಳಿಯಾಗ ಅಜ್ಜ-ಅಜ್ಜಿ ಹತ್ರ ಬೆಳೀತಾವ. ಆ ಪ್ರಶ್ನೆಗೆ ಯಾರೂ ಹಾಡಿನ ಸೌಂಡ್ ಏರಸಂಗಿಲ್ಲ, ಅರ್ಧ ತಾಸು ಬೈತಾರ. ಭಾಷಾಂತರಕ್ಕ ಫೋನ್ ಚಾರ್ಜ್ ಮಾಡ್ಕೊಂಡು ಹೋಗ್ರಿ.